ಒಂದೇ ಒಲೆಯ ಪಂಚನಾಮೆ

ಒಂದು ಊರನ್ನು ಉಳಿಸುವುದೆಂದರೆ ನಮ್ಮ ಕಚೇರಿಯಲ್ಲಿ ಅದರ ಸುತ್ತ ಒಂದು ಕೆಂಪು ಗೆರೆ ಎಳೆಯುವುದು ಎಂದರ್ಥ. ಐವತ್ತರ ದಶಕದ ಮೊದಲ ವರ್ಷಗಳು. ಮುಂಬಯಿ ಉಪನಗರಗಳಿಗೆ ಹೊಸ ನಕ್ಷೆ ತಯಾರಾಗುತ್ತಿತ್ತು. ಜೋಗೇಶ್ವರಿಯಿಂದ ಪವಾಯಿ ಕೆರೆಯ ತನಕ ಗುಡ್ಡಗಳ ಸಂದಿಯಲ್ಲಿ ಭತ್ತ ಬೆಳೆಯುವ ಹಳ್ಳಿಗಳು ಆಗ ಇನ್ನೂ ಇದ್ದವು. ಪ್ರತಿ ಹಳ್ಳಿಗೂ ಸರ್ವೇಯರ್ ಹೋಗಿ ಗಾವಠಾಣ, ಅಂದರೆ ಊರು ಕೂತ ಜಾಗ, ಇಂತಿಷ್ಟು ಎಂದು ಅಳೆದು ಗೆರೆ ಹಾಕಬೇಕು. ಗೆರೆಯ ಒಳಗೆ ಕಾರ್ಖಾನೆ, ಕಲ್ಲಿನ ಕ್ವಾರಿ, ಅಂತಸ್ತಿನ ಬಿಲ್ಡಿಂಗು ಯಾವುದೂ ಬರಕೂಡದು. ಹೊರಗೆ ಏನು ಬೇಕಾದರೂ ಬರಬಹುದು. ಆ ಪೆನ್ನು ಒಂದು ಚಳಿಗಾಲ ನನ್ನ ಕೈಯಲ್ಲಿತ್ತು, ಅದರ ಗರ್ವವೂ ಇತ್ತು.

ನನ್ನ ಪಾಲಿಗೆ ಬಂದ ಕೊನೆಯ ಹಳ್ಳಿಗೆ ನಾನಿದ್ದ ಕುರ್ಲಾದ ಚಾಳಿನಿಂದ ಬೆಳಿಗ್ಗೆ ಬಸ್ಸು ಹಿಡಿದು, ಅರ್ಧ ದಾರಿಯಲ್ಲಿ ಇಳಿದು, ಗದ್ದೆಯ ಬದುವಿನ ಮೇಲೆ ಒಂದು ಗಂಟೆ ನಡೆಯಬೇಕಿತ್ತು. ನಲವತ್ತೊಂದು ಮನೆ. ಮಣ್ಣಿನ ಗೋಡೆ, ನಾಡಹೆಂಚು. ನಡುವೆ ಸಗಣಿ ಸಾರಿಸಿದ ಕಣ, ಪಕ್ಕದಲ್ಲಿ ಚಿಕ್ಕ ಕೆರೆ, ಅದರಾಚೆ ದೇವರ ಬನ, ಬನದ ಬೆನ್ನಿಗೆ ಒಂದು ಕರಿಕಲ್ಲಿನ ಗುಡ್ಡ. ಇವರ ಹಿರಿಯರು ತಲೆಮಾರುಗಳ ಹಿಂದೆ ತೆಂಕಣ ಕೊಂಕಣದಿಂದ ಬಂದು ನೆಲೆಸಿದವರು. ಊರು ನೋಡಿದ ಮೊದಲ ದಿನವೇ ನನಗೆ ರಾಣೆಬೆನ್ನೂರು ಕಡೆಯ ನಮ್ಮ ಹಳ್ಳಿ ನೆನಪಾಯಿತು. ಮುಂದೆ ನಡೆದ ಅನಾಹುತಕ್ಕೆ ಆ ನೆನಪೂ ಒಂದು ಕಾರಣ.

ಅಳತೆಗೆ ಎಂಟು ದಿನ ಹಿಡಿಯಿತು. ಮೂವತ್ತಮೂರು ಅಡಿಯ ಸರಪಳಿ, ಲಂಬ ನೋಡಲು ಕ್ರಾಸ್‌ಸ್ಟಾಫ್, ಬಿದಿರುಗಳ ತುದಿಗೆ ಕೆಂಪು ಬಿಳಿ ಬಾವುಟ. ಸರಪಳಿಯವನು ಎಳೆದು ಕೂಗಿದ್ದನ್ನು ನಾನು ಫೀಲ್ಡ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುತ್ತಿದ್ದೆ. ಮೂಲೆ ಮೂಲೆಗೆ ಗೂಟ ಹೊಡೆದು, ಆಮೇಲೆ ಮನೆ ಎಣಿಕೆ. ನಿಯಮ ಸರಳವಾಗಿತ್ತು: ಒಲೆಯಲ್ಲಿ ಬೆಂಕಿ ಇದ್ದರೆ ಅದು ಮನೆ, ಇಲ್ಲದಿದ್ದರೆ ಕೊಟ್ಟಿಗೆ. ಇಪ್ಪತ್ತೈದಕ್ಕಿಂತ ಕಡಿಮೆ ಒಲೆ ಸಿಕ್ಕರೆ ಅದು ಊರೇ ಅಲ್ಲ, ಗೆರೆಯೂ ಇಲ್ಲ. ಹಾಗಾಗಿ ನಾನು ಪ್ರತಿ ಅಡುಗೆಮನೆಗೂ ಬಗ್ಗಿ ಒಳಗೆ ಹೋಗಿ ಕಣ್ಣಾರೆ ನೋಡಿ ಬರೆಯಬೇಕಿತ್ತು.

ಕಣದ ಅಂಚಿನ ಕೊನೆಯ ಮನೆಯಲ್ಲಿ ಒಬ್ಬಳೇ ಮುದುಕಿ. ಗಂಡ ಇಲ್ಲ, ಮಕ್ಕಳಾಗಿರಲಿಲ್ಲ. ಒಂಟಿ ಜೀವದ ಗುಡಿಸಲು, ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ನಾನು ಹೊರಗೇ ನಿಂತು ಯೋಚಿಸುತ್ತಿದ್ದೆ. ಅವಳು ಬಂದು ನನ್ನ ತೋಳು ಹಿಡಿದೇ ಎಳೆದಳು.

"ಬಾ ಬಾಬಾ, ಒಳಗೆ ಬಂದು ನೋಡು. ಒಬ್ಬಳಿಗೆ ಬೇಯಿಸಿದರೂ ಒಲೆ ಒಲೆಯೇ. ನನ್ನದನ್ನು ಬರೆದುಕೊಂಡೇ ಹೋಗಬೇಕು," ಎಂದಳು. ಮರಾಠಿಯಲ್ಲಿ ಅಂದದ್ದು, ನಾನು ಕನ್ನಡ ಮಾಡಿ ಬರೆಯುತ್ತಿದ್ದೇನೆ. ಬರೆದುಕೊಂಡೆ. ಕ್ರಮಸಂಖ್ಯೆ ನಲವತ್ತೊಂದು. ಭಾಕರಿ ಎನ್ನುವ ಬಿಸಿ ಅಕ್ಕಿರೊಟ್ಟಿಯ ಮೇಲೆ ಒಣಮೀನಿನ ಚಟ್ನಿ ಹಾಕಿ ಕೊಟ್ಟಳು. ನಾನು ಮೀನು ಮುಟ್ಟದವನು ಎಂದು ಗೊತ್ತಾದ ಮೇಲೆ ಬೆಲ್ಲ ಹುಡುಕಿ ತಂದಳು. ನಾನು ಅವಳನ್ನು ಆಜಿ ಎಂದು ಕರೆಯತೊಡಗಿದ್ದು ಆವತ್ತಿನಿಂದ.

ಗೆರೆ ಎಳೆಯುವಾಗ ನಾನು ಸ್ವಲ್ಪ ಕೈ ಸಡಿಲ ಬಿಟ್ಟೆ. ಮನೆಗಳಷ್ಟೇ ಅಲ್ಲದೆ ಕಣ, ಕೆರೆ, ಬನ, ಹುಲ್ಲು ಒಣಹಾಕುವ ಗುಡ್ಡದ ಇಳಿಜಾರು, ಎಲ್ಲವನ್ನೂ ಒಳಗೆ ತಂದೆ. ನಕ್ಷೆ ನೋಡಿದ ನಮ್ಮ ಕಚೇರಿಯ ಸಾಹೇಬರು ಕನ್ನಡಕ ತೆಗೆದು ನಕ್ಕರು. ಅವರು ಧಾರವಾಡದವರು, ಆಗ ಧಾರವಾಡವೂ ಮುಂಬಯಿ ಪ್ರಾಂತದಲ್ಲೇ ಇತ್ತು.

"ಏನ್ರಿ, ಗುಡ್ಡಾನೂ ಊರಾಗ ತಂದು ಕೂಡಿಸೀರಲ್ಲ?"

"ಅಲ್ಲೆ ಹುಲ್ಲು ಒಣಾ ಹಾಕ್ತಾರ್ರಿ ಸಾಹೇಬ್ರ. ವಹಿವಾಟಿನ ಜಾಗಾ ಐತ್ರಿ."

"ಇರ್ಲಿ. ಸ್ಥಳಕ್ಕ ಬಂದಾಗ ನೋಡೂಣಂತ," ಎಂದು ನಕ್ಷೆಯನ್ನು ಪಕ್ಕಕ್ಕಿಟ್ಟರು. ಅವರು ಬಂದು ಒಲೆ ಎಣಿಸಿ ಪಂಚನಾಮೆ ಮಾಡಿ ಸಹಿ ಹಾಕಿದರೆ ಊರು ಗೆದ್ದಂತೆ.

ಊರಿನ ಪಾಟೀಲ ಮಿತಮಾತಿನ ಮನುಷ್ಯ. ಅಳತೆಯ ಕೊನೆಯ ದಿನ ನನ್ನನ್ನು ಬದುವಿನ ತನಕ ಕಳಿಸಲು ಬಂದವನು ಅತ್ತಿತ್ತ ನೋಡಿ ಹೇಳಿದ:

"ಮೋಜಣೀಸಾಹೇಬ, ಬರುವ ಸೋಮವಾರ ಈ ಕಡೆ ಬರಬೇಡಿ. ದೇವರು ಕೌಲು ಕೊಟ್ಟು ಅಪ್ಪಣೆ ಆಗಿದೆ. ಮೂರು ದಿನ ಊರು ಬಿಡುತ್ತೇವೆ. ಮನುಷ್ಯರು, ದನ, ಕೋಳಿ, ನಾಯಿ, ಎಲ್ಲ ಹೊರಗೆ. ಬಾಗಿಲಿಗೆ ಕೀಲಿ ಹಾಕುವಂತಿಲ್ಲ, ಅದಕ್ಕೇ ದಿನ ಹೊರಗಿನವರಿಗೆ ಹೇಳುವುದಿಲ್ಲ. ನೀವು ಒಳಗಿನವರಂತೆ ಆದಿರಿ, ಹೇಳಿದೆ."

ಗಾವಪಳಣ ಎನ್ನುತ್ತಾರೆ ಅದಕ್ಕೆ. ಕೆಲವು ವರ್ಷಕ್ಕೊಮ್ಮೆ ಊರನ್ನು ದೇವರಿಗೆ ಬಿಟ್ಟುಕೊಟ್ಟು ಜನ ಗಡಿಯಾಚೆ ಇರುವುದು. ನನಗೆ ಮೈ ಜುಮ್ಮೆಂದಿತು. ನಮ್ಮೂರಿನಲ್ಲಿ ಇದಕ್ಕೆ ಹೊರಬೀಡು ಎನ್ನುತ್ತೇವೆ. ಹೊತ್ತು ಹುಟ್ಟುವ ಮುಂಚೆ ಒಲೆಯ ಬೂದಿ ಗೋರಿ, ಅಂಗಳ ಗುಡಿಸಿ, ದನ ಹೊಡೆದುಕೊಂಡು ಹೊರಗೆ ಹೋಗಿ ಮರದ ಕೆಳಗೆ ಅಡುಗೆ ಮಾಡುವುದು. ಸಂಜೆ ಹೊಸ ಬೆಂಕಿಯೊಂದಿಗೆ ವಾಪಸು ಬರುವುದು. ಇಷ್ಟು ದೂರದಲ್ಲಿ, ಬೇರೆ ಭಾಷೆಯ ಜನರಲ್ಲಿ, ಅದೇ ಪದ್ಧತಿ. ಬಸ್ಸಿನಲ್ಲಿ ಕೂತು ಕುರ್ಲಾ ಮುಟ್ಟುವ ತನಕ ಅದನ್ನು ಯಾರಿಗಾದರೂ ಹೇಳಬೇಕೆಂದು ನನ್ನ ನಾಲಿಗೆ ತುರಿಸುತ್ತಿತ್ತು.

ಕೇಳುವವನು ಸಿಕ್ಕ. ಕುರ್ಲಾ ಸ್ಟೇಷನ್ನಿನ ಹತ್ತಿರ ನಾನು ದಿನಾ ಸಂಜೆ ಕಾಫಿಗೆ ಹೋಗುತ್ತಿದ್ದ ಉಡುಪಿ ಹೋಟೆಲಿನಲ್ಲಿ ಒಬ್ಬ ಪರಿಚಯದವನಿದ್ದ. ಕುಂದಾಪುರ ಕಡೆಯವನು, ನಯವಾದ ಮಾತು. ಯಾವುದೋ ಕಲ್ಲಿನ ಕಂಪನಿಯ ಏಜೆಂಟ್ ಎಂದು ಗೊತ್ತಿತ್ತು. ಯಾವ ಗುಡ್ಡದ ಕಲ್ಲು ಎಂದು ಕೇಳುವಷ್ಟು ಬುದ್ಧಿ ನನಗೆ ಇರಲಿಲ್ಲ. ಕನ್ನಡ ಮಾತಾಡುವವನು ಎದುರಿಗೆ ಸಿಕ್ಕರೆ ಸಾಕು, ಬಾಯಿ ಬಿಡುವ ಕಾಲ ಅದು. ಗೋಳಿಬಜೆ ತರಿಸಿದ. ನಾನು ಹೊರಬೀಡಿನ ವರ್ಣನೆ ಶುರು ಮಾಡಿದೆ.

"ಊರೇ ಬಿಟ್ಟು ಹೊರಗೆ ಅಡುಗೆಯಾ? ಎಂತಕ್ಕೆ ಮಾರಾಯ್ರೆ?"

"ಊರಿಗೂ ಒಂದಿನಾ ಬಿಡುವು ಬ್ಯಾಡೇನ್ರಿ? ನಮ್ಮ ಗದ್ದಲದಾಗ ಅದಕ್ಕ ಉಸಿರು ಆಡಾಕ ಎಲ್ಲಿ ಆಗತೈತಿ?"

"ನಿಮ್ಮ ಬಯಲುಸೀಮೆಯಲ್ಲಿ ಸರಿ. ಈ ಮುಂಬಯಿಯಲ್ಲಿ ಇಂಥದ್ದೆಲ್ಲ ಎಲ್ಲಿಂದ ಬರ್ಬೇಕು?"

ಆ ಮಾತು ಚುಚ್ಚಿತು. "ಯಾಕಿಲ್ರಿ? ಪವಾಯಿ ಕಡೆ ನಾ ಮೊನ್ನೆ ಅಳದ ಹಳ್ಳಿಯಾಗ ಐತಿ. ಬರೂ ಸೋಮಾರದಿಂದ ಮೂರು ದಿನಾ ಅಷ್ಟೂ ಮಂದಿ ಹೊರಗ."

"ಮೂರು ದಿವಸ? ಒಂದು ಮುದುಕಿಯೂ ಇರುದಿಲ್ವಾ ಒಳಗೆ?"

"ಒಂದು ನಾಯಿನೂ ಇರೂದಿಲ್ರಿ," ಎಂದೆ ನಾನು, ನನ್ನದೇ ಊರಿನ ಹೆಮ್ಮೆ ಹೇಳಿದಂತೆ. ಅವನು ಕೆದಕಿ ಕೆದಕಿ ಇನ್ನೂ ಎರಡು ಪ್ರಶ್ನೆ ಕೇಳಿ, ಇನ್ನೊಂದು ಕಾಫಿ ತರಿಸಿದ. ನಾನು ಅದನ್ನೂ ಕುಡಿದೆ.

ಸೋಮವಾರ ಮಧ್ಯಾಹ್ನ ಸಾಹೇಬರು ಕರೆದರು. ಮೇಜಿನ ಮೇಲೆ ಒಂದು ದೂರಿನ ಅರ್ಜಿ. ಸದರಿ ಊರು ಹಾಳುಬಿದ್ದಿದೆ, ಜನ ಜೋಗೇಶ್ವರಿಯ ಚಾಳುಗಳಿಗೆ ಹೋಗಿ ವರ್ಷಗಳಾದವು, ಉಳಿದದ್ದು ದನದ ಕೊಟ್ಟಿಗೆ, ಸರ್ವೇಯರ್ ಮನೆಯಲ್ಲಿ ಕೂತು ಒಲೆ ಎಣಿಸಿದ್ದಾನೆ, ಕೂಡಲೇ ಸ್ಥಳ ನೋಡಬೇಕು. ಕೆಳಗೆ ಆ ಕಲ್ಲಿನ ಕಂಪನಿಯ ಸಹಿ. ಓದುತ್ತಿದ್ದಂತೆ ಹೋಟೆಲಿನ ಆ ಎರಡನೇ ಕಾಫಿ ಯಾಕೆ ಬಂದಿತ್ತೆಂದು ತಿಳಿಯಿತು.

"ನಾಳೆ ಹತ್ತು ಗಂಟೇಕ್ಕ ಹೋಗೂಣು. ಪಂಚರನ್ನ ಹೊರಗಿನವ್ರನ್ನ ಕರೀರಿ," ಎಂದರು.

ನಾನು ಗಾವಪಳಣದ ಸಂಗತಿ ಹೇಳಿದೆ. ಮೂರು ದಿನ ತಡೆದು ಗುರುವಾರ ಹೋಗೋಣ ಎಂದು ಬೇಡಿಕೊಂಡೆ.

"ನಮ್ಮ ಧಾರವಾಡದಾಗ ಇಂಥಾದ್ದು ನಾ ಕೇಳಿಲ್ಲ. ಮತ್ತ ನೋಡ್ರಿ, ದೂರು ನಿಮ್ಮ ಮ್ಯಾಲೆ ಅದ. ನೀವ ದಿನಾ ಮುಂದ ಹಾಕ್ರಿ ಅಂದ್ರ ನಾ ಏನು ತಿಳ್ಕೋಬೇಕು?"

ಸಾಹೇಬರು ಲಂಚ ಮುಟ್ಟುವವರಲ್ಲ. ಮುಟ್ಟುವವರಾಗಿದ್ದರೆ ನನಗೆ ಬಯ್ಯಲು ಒಬ್ಬ ಮನುಷ್ಯ ಸಿಗುತ್ತಿದ್ದ. ಅವರು ಕಂಡದ್ದನ್ನು ಬರೆಯುವವರು, ಅಷ್ಟೇ.

ಮಂಗಳವಾರ ಮೊದಲ ಬಸ್ಸಿಗೆ ಹೊರಟು ಬಿಸಿಲು ಏರುವ ಮುಂಚೆ ನಾನು ಅಲ್ಲಿದ್ದೆ. ಊರಿನಿಂದ ಎರಡು ಕೂಗಿನಷ್ಟು ದೂರ, ಗಡಿಗಲ್ಲಿನ ಆಚೆ ಮಾವಿನ ಮರಗಳ ಕೆಳಗೆ ಜನವೆಲ್ಲ ಬೀಡುಬಿಟ್ಟಿದ್ದರು. ಸೋಗೆಯ ಗುಡಾರ, ಕಲ್ಲಿನ ಒಲೆ, ಕಟ್ಟಿಹಾಕಿದ ಎತ್ತು, ಬುಟ್ಟಿಯಡಿ ಕೋಳಿ. ಹೆಂಗಸರು ಹಾಡುತ್ತಿದ್ದರು. ಪಾಟೀಲನನ್ನು ಪಕ್ಕಕ್ಕೆ ಕರೆದು ಸಾಹೇಬರು ಬರುವುದನ್ನು ಹೇಳಿದೆ. ಅವನ ಮುಖ ಬಿಳಿಚಿತು.

"ಒಂದು ತಾಸು ಸಾಕು ಪಾಟೀಲರೇ. ಇಪ್ಪತ್ತೈದು ಮನೆಯವರು ಹೋಗಿ ಒಲೆ ಹಚ್ಚಿಬಿಡಿ. ಅವರು ಎಣಿಸಿ ಹೋದ ಮೇಲೆ ವಾಪಸು ಬನ್ನಿ. ದೇವರಿಗೆ ತಪ್ಪುಕಾಣಿಕೆ ಕಟ್ಟಿದರಾಯಿತು."

"ಬಿಟ್ಟುಕೊಟ್ಟ ಊರಿನೊಳಗೆ ಮೂರು ದಿನ ಮುಗಿಯದೆ ಕಾಲಿಡುವುದಿಲ್ಲ. ಇಟ್ಟರೆ ಊರು ಉಳಿಯುವುದಿಲ್ಲ."

"ಇಡದಿದ್ದರೂ ಉಳಿಯುವುದಿಲ್ಲ."

"ಆಗ ಊರು ಕಳೆದವರು ನೀವಾಗುತ್ತೀರಿ. ನಾವಲ್ಲ," ಎಂದ. ಅವನು ಸುಮ್ಮನೆ ಸಿಟ್ಟಿಗೆ ಅಂದದ್ದು. ಅದು ಎಷ್ಟು ನಿಜವೆಂದು ಅವನಿಗೆ ಗೊತ್ತಿರಲಿಲ್ಲ. ಗಂಡಸರೆಲ್ಲ ಸುತ್ತ ಸೇರಿದರು. ಒಬ್ಬ, ಸಾಹೇಬರನ್ನೇ ಇಲ್ಲಿಗೆ ಕರೆತನ್ನಿ, ತಲೆ ಎಣಿಸಲಿ ಎಂದ. ಒಳ್ಳೆಯ ಮಾತೇ. ಆದರೆ ಸಾಹೇಬರನ್ನು ನಾನು ಬಲ್ಲೆ.

ಅಷ್ಟರಲ್ಲಿ ಆಜಿ ಎದ್ದು ಬಂದಳು. "ನಾನು ಹೋಗುತ್ತೇನೆ. ನನ್ನ ಹಿಂದೆ ಮುಂದೆ ಯಾರಿದ್ದಾರೆ? ದೇವರು ಸಿಟ್ಟಾದರೆ ನನ್ನೊಬ್ಬಳ ಮೇಲಾಗಲಿ. ಒಂದು ಒಲೆಯಾದರೂ ಹೊಗೆಯಾಡಲಿ, ಬಂದವರಿಗೆ ನಾನೇ ದಾರಿ ತೋರಿಸಿ ಇಲ್ಲಿಗೆ ಕರೆತರುತ್ತೇನೆ."

"ಆ ಕಲ್ಲು ದಾಟಿದರೆ ಮತ್ತೆ ನಮ್ಮೊಳಗೆ ಬರಬೇಡ," ಎಂದ ಪಾಟೀಲ. ಅವನ ದನಿ ಏರಲಿಲ್ಲ.

ಆಗ ನಾನು ತೀರ್ಮಾನ ಮಾಡಬೇಕಾಗಿತ್ತು. ಅವಳು ನನ್ನ ಕಡೆ ನೋಡಿದಳು. ಬೇಡ ಆಜಿ ಎಂದಿದ್ದರೆ ಅವಳು ಕೂತುಬಿಡುತ್ತಿದ್ದಳು. ನಾನು ಲೆಕ್ಕ ಹಾಕಿದೆ: ಒಳಗೆ ಒಬ್ಬ ಸಾಕ್ಷಿ ಇದ್ದರೆ ಊರು ಹಾಳುಬಿದ್ದಿಲ್ಲವೆಂದು ಹೇಳಲು ಬಾಯಿ ಇರುತ್ತದೆ. ನಾನು ಮಾಡಿದ ತಪ್ಪನ್ನು ಆ ಮುದುಕಿಯ ಕೈಯಿಂದ ತಿದ್ದಿಸಲು ಹೊರಟಿದ್ದೆ. ಹೊರಬೀಡಿನ ಬೆಂಕಿಯನ್ನು ಒಳಗೆ ಒಯ್ಯುವಂತಿಲ್ಲ ಎಂದು ಅವಳು ತಡವರಿಸಿದಾಗ ಜೇಬಿನಿಂದ ನನ್ನ ಬೆಂಕಿಪೊಟ್ಟಣ ತೆಗೆದು ಕೊಟ್ಟೆ. ಅವಳು ಗಡಿಗಲ್ಲಿಗೆ ಕೈಮುಗಿದು ದಾಟಿದಳು. ಹಾಡು ನಿಂತಿತ್ತು.

ಹತ್ತಕ್ಕೆ ಸರಿಯಾಗಿ ಕೊಯ್ಲಾದ ಗದ್ದೆಗಳನ್ನು ದಾಟಿ ಜೀಪು ಬಂತು. ಇಳಿದವರು ಸಾಹೇಬರು, ಅಂಧೇರಿಯಿಂದ ಕರೆತಂದ ಇಬ್ಬರು ಪಂಚರು; ನಾನು ಅವರ ಜೊತೆ ಸೇರಿಕೊಂಡೆ. ಮೊದಲ ಮನೆ: ಬಾಗಿಲು ತೆರೆದಿದೆ, ಒಳಗೆ ಪಾತ್ರೆ ಇಲ್ಲ, ಕಾಳಿನ ಬುಟ್ಟಿ ಇಲ್ಲ, ಎಲ್ಲ ಹೊತ್ತುಕೊಂಡು ಹೋಗಿದ್ದಾರೆ. ಸಾಹೇಬರು ಬಗ್ಗಿ ಒಲೆಯೊಳಗೆ ಬರಿಗೈ ಇಟ್ಟು ನೋಡಿದರು.

"ಬೂದಿನೂ ಇಲ್ಲಲ್ರಿ. ಇಲ್ಲೆ ಅಡಿಗಿ ಮಾಡಿ ಎಷ್ಟು ವರ್ಷ ಆಗಿರಬೇಕು?"

"ಬೂದಿ ಗೋರಿ ಚೆಲ್ಲಿ ಹೋಗಾರ್ರಿ. ಪದ್ಧತಿ ಹಂಗ ಐತ್ರಿ. ನೆಲಾ ನೋಡ್ರಿ, ಸಗಣಿ ಇನ್ನೂ ಹಸಿ ಐತಿ."

"ದನದ ಕೊಟಗಿ ಅಂತ ದೂರಿನ್ಯಾಗೂ ಬರದಾರ," ಎಂದರು.

ಎರಡನೇ ಮನೆ, ಮೂರನೇ ಮನೆ. ಪ್ರತಿ ಒಲೆಗೂ ಕೈ ಇಟ್ಟರು, ಒಂದನ್ನೂ ಬಿಡಲಿಲ್ಲ. ಊರಿನವರು ದೇವರಿಗಾಗಿ ಎಷ್ಟು ಚೊಕ್ಕಟವಾಗಿ ಗುಡಿಸಿದ್ದರೋ ಅಷ್ಟೂ ಅವರ ವಿರುದ್ಧ ಸಾಕ್ಷಿಯಾಗುತ್ತ ಹೋಯಿತು. ನಾನು ಹಿಂದಿನಿಂದ ಕ್ರಮಸಂಖ್ಯೆ ಕೂಗುತ್ತ, ಇಲ್ಲ ಎಂದು ಬರೆಯುತ್ತ ನಡೆದೆ. ನಲವತ್ತು ಸಲ ಇಲ್ಲ. ಕೊನೆಯ ಮನೆಯಲ್ಲಿ ಹೊಗೆ ಆಡುತ್ತಿತ್ತು. ಆಜಿ ಒಲೆಯ ಮುಂದೆ ಕೂತಿದ್ದಳು. ಎದ್ದು ಸಾಹೇಬರ ಕಾಲಿಗೆ ಬಿದ್ದು, ಎಲ್ಲರೂ ಮಾವಿನ ಮರದ ಕೆಳಗಿದ್ದಾರೆ, ಬನ್ನಿ ತೋರಿಸುತ್ತೇನೆ ಎಂದಳು.

"ಪಂಚನಾಮೆ ಗಾವಠಾಣದ್ದು. ಮಾವಿನ ಗಿಡದ ಬುಡಕ್ಕ ಕೂತ ಮಂದೀದಲ್ಲ," ಎಂದು ಸಾಹೇಬರು ನನಗೆ ಹೇಳಿದರು. ಆಮೇಲೆ ಒಲೆಯ ಕಡೆ ಕೈ ತೋರಿಸಿದರು.

"ನೀವು ನಿನ್ನೆ ಹೇಳಿದ್ದು ಖರೇ ಇರಬಹುದು ಅಂತ ಬರೂ ಮುಂದ ನನಗ ಅನಿಸಿತ್ತು. ಒಂದೂ ಒಲಿ ಹತ್ತದ ಇದ್ದಿದ್ರ, ನಡೀರಿ ಆ ಮಂದೀನ ನೋಡೇ ಬರೂಣು ಅಂತಿದ್ದೆ. ಒಳಗ ಬೆಂಕಿ ಹಚ್ಚೂ ಹಂಗಿಲ್ಲ ಅನ್ನೂದು ಪದ್ಧತಿ ಆಗಿದ್ರ ಈ ಮುದುಕಿ ಹ್ಯಾಂಗ ಹಚ್ಚಿ ಕೂತಾಳ? ಒಬ್ಬಾಕಿ ಉಳದಾಳ, ಉಳದವ್ರು ಬಿಟ್ಟು ಹೋಗ್ಯಾರ. ಬರೀರಿ."

ನಾನು ಹೊಸ್ತಿಲ ಮೇಲೆ ಕೂತೆ. ಬೆಂಕಿಪೊಟ್ಟಣ ಒಲೆಯ ಪಕ್ಕದಲ್ಲೇ ಇತ್ತು. ಇದು ನನ್ನದು, ನಾನೇ ಹಚ್ಚಿಸಿದ್ದು ಎಂದು ಹೇಳಲು ಬಾಯಿ ತೆರೆದೆ. ಹೇಳಿದರೆ ದೂರಿನಲ್ಲಿ ಬರೆದ ಸುಳ್ಳು ಸರ್ವೇಯರ್ ನಾನೇ ಎಂದು ನನ್ನ ಕೈಯಾರೆ ರುಜು ಹಾಕಿದಂತೆ. ಅದೇ ದಿನ ನೌಕರಿ ಹೋಗುತ್ತಿತ್ತು. ಬಾಯಿ ಮುಚ್ಚಿದೆ. ವಾಸವಿರುವ ಮನೆ ಒಂದು ಎಂದು ಬರೆದೆ. ಷರಾ ಕಾಲಮಿನಲ್ಲಿ, ಗ್ರಾಮಸ್ಥರು ಧಾರ್ಮಿಕ ಪದ್ಧತಿಯಂತೆ ಹೊರಗಿರುವುದಾಗಿ ತಿಳಿದುಬಂದಿದೆ ಎಂದು ಒಂದು ಸಾಲು ಸೇರಿಸಿದೆ.

"ತಿಳಿದದ್ದು ಬ್ಯಾಡ, ಕಂಡದ್ದು ಬರೀರಿ," ಎಂದರು. ಆ ಸಾಲು ಹೊಡೆದುಹಾಕಿ ಪಕ್ಕದಲ್ಲಿ ಚಿಕ್ಕ ಸಹಿ ಮಾಡಿದೆ.

ಬುಧವಾರ ಸಂಜೆ ಊರಿನವರು ಹೊಸ ಬೆಂಕಿಯೊಂದಿಗೆ ಒಳಗೆ ಬಂದರು. ದೇವರ ಮುಂದೆ ಹೊತ್ತಿಸಿದ ಆ ಬೆಂಕಿಯನ್ನು ಮನೆ ಮನೆಗೆ ಹಂಚುವುದು ರೂಢಿ. ಕಣದ ಅಂಚಿನ ಮನೆಗೆ ಮಾತ್ರ ಯಾರೂ ತರಲಿಲ್ಲವೆಂದು ಸರಪಳಿಯವನು ಬಂದು ಹೇಳಿದ. ಬಾವಿಯಲ್ಲಿ ಅವಳು ನೀರು ಸೇದಲು ಹೋದರೆ ಹಗ್ಗ ಬಿಚ್ಚಿಕೊಂಡು ಹೋಗುತ್ತಾರಂತೆ. ಅವಳು ಕೆರೆಯ ನೀರನ್ನೇ ಕುಡಿಯುತ್ತಿದ್ದಳು.

ಪಾಟೀಲ ಮೇಲರ್ಜಿ ಹಾಕಿದ. ಅದನ್ನು ಕದ್ದುಮುಚ್ಚಿ ಇಂಗ್ಲಿಷಿನಲ್ಲಿ ಬರೆದುಕೊಟ್ಟವನು ನಾನೇ. ಅಷ್ಟಾದರೂ ಮಾಡಿದೆನಲ್ಲ ಎಂದು ಕೆಲವು ದಿನ ನನ್ನನ್ನು ನಾನೇ ತಟ್ಟಿಕೊಂಡೆ. ತಿರಸ್ಕರಿಸಿ ಬಂದ ಉತ್ತರದಲ್ಲಿ ಪಂಚನಾಮೆಯ ಮಾತುಗಳನ್ನೇ ಎತ್ತಿ ಹಾಕಿದ್ದರು, ಅಂದರೆ ನನ್ನದೇ ವಾಕ್ಯಗಳು. ಹೊಸ ನಕ್ಷೆಯಲ್ಲಿ ಗೆರೆಯೇ ಉಳಿಯಲಿಲ್ಲ; ಕಣ, ಕೆರೆ, ಬನ, ಗುಡ್ಡ ಎಲ್ಲ ಕ್ವಾರಿಗೆ ತೆರೆದುಕೊಂಡವು. ನಲವತ್ತು ಮನೆಗಳಿಗೆ ನಿರುಪಯುಕ್ತ ಕೊಟ್ಟಿಗೆ ಎಂಬ ಹೆಸರು ಬಂತು. ಅವುಗಳಿಗೆ ಬದಲಿ ಜಾಗವಿಲ್ಲ. ವಾಸವಿದ್ದ ಒಂದು ಮನೆಗೆ ಮಾತ್ರ ಜೋಗೇಶ್ವರಿಯ ಹತ್ತಿರ ಒಂದು ಪ್ಲಾಟು ಮಂಜೂರಾಯಿತು. ಆ ನಕ್ಷೆಗೆ ಮಸಿ ಹಾಕಿದವನು ನಾನು.

ಮಳೆಗಾಲಕ್ಕೆ ಮುಂಚೆ ಗುಡ್ಡದ ಮೇಲೆ ಕಲ್ಲು ಒಡೆಯುವ ಮೊದಲ ಸಿಡಿಮದ್ದು ಸಿಡಿಯಿತು. ಅದೇ ವಾರ ಪ್ಲಾಟಿನ ಕಾಗದ ಮುಟ್ಟಿಸಿ ಹೆಬ್ಬೆಟ್ಟು ಒತ್ತಿಸಿಕೊಂಡು ಬರಲು ನನ್ನನ್ನೇ ಕಳಿಸಿದರು. ನಾನು ಹೋದಾಗ ಊರಿನವರು ಹೆಂಚು ಇಳಿಸಿ ಗಾಡಿಗೆ ತುಂಬುತ್ತಿದ್ದರು. ಆಜಿ ಬಾಗಿಲಲ್ಲಿ ಕೂತಿದ್ದಳು, ಸೊರಗಿ ಅರ್ಧ ಆಗಿದ್ದಳು. ಕಾಗದ ಓದಿ ಹೇಳಿದೆ.

"ಉಳಿದವರಿಗೆ?"

"ಇಲ್ಲ ಆಜಿ."

"ನನಗೊಬ್ಬಳಿಗೇ?"

ನಾನು ಹೌದೆಂದು ತಲೆಯಾಡಿಸಿದೆ. ಅವಳಿಗೆ ಸಂತೋಷವಾಗುತ್ತದೆಂದು ನಾನು ಎಣಿಸಿರಲಿಲ್ಲ. ಇಷ್ಟು ಹೆದರುತ್ತಾಳೆಂದೂ ಎಣಿಸಿರಲಿಲ್ಲ. ಅವಳ ಕಣ್ಣು ನನ್ನ ಬೆನ್ನ ಹಿಂದೆ ಹೋಯಿತು. ಪಾಟೀಲ ಬಂದು ನಿಂತಿದ್ದ, ಅವನ ಹಿಂದೆ ಏಳೆಂಟು ಮಂದಿ. ಕಾಗದವನ್ನು ನೋಡಿ ಅವನು ನಕ್ಕ. ಆ ಮನುಷ್ಯ ನಕ್ಕಿದ್ದನ್ನು ನಾನು ಅದೊಂದೇ ಸಲ ಕಂಡದ್ದು.

"ನೋಡಿದಿರಾ ಮೋಜಣೀಸಾಹೇಬ? ನಾವು ಊರು ಬಿಡುವ ದಿನ ಕಂಪನಿಯವರಿಗೆ ಹೇಗೆ ಗೊತ್ತಾಯಿತು ಎಂದು ಆರು ತಿಂಗಳು ತಲೆ ಕೆಡಿಸಿಕೊಂಡೆವು. ಮಾರಿದ್ದು ಇವಳೇ. ಇಲ್ಲದಿದ್ದರೆ ಪ್ಲಾಟು ಇವಳೊಬ್ಬಳಿಗೇ ಯಾಕೆ ಸಿಗುತ್ತದೆ?"

"ನಾನಲ್ಲ," ಎಂದಳು ಆಜಿ. "ನಾನು ಯಾರಿಗೂ ಹೇಳಿಲ್ಲ. ಬಾಬಾ, ನೀನು ಹೇಳು. ನಿನಗೆ ಕಚೇರಿಯಲ್ಲಿ ಎಲ್ಲ ಗೊತ್ತಿರುತ್ತದೆ. ದಿನ ಹೇಳಿದವರು ಯಾರು, ಇವರಿಗೆ ಹೇಳು."

ಅಷ್ಟು ಜನವೂ ನನ್ನ ಮುಖ ನೋಡಿದರು. ಮೇಲರ್ಜಿ ಬರೆದುಕೊಟ್ಟವನೆಂದು ಅವರಿಗೆ ನನ್ನ ಮೇಲೆ ನಂಬಿಕೆ ಇತ್ತು. ನಾನು ಏನು ಅಂದರೂ ಒಪ್ಪುತ್ತಿದ್ದರು. ಗುಡ್ಡದ ಕಡೆಯಿಂದ ಇನ್ನೊಂದು ಸಿಡಿಮದ್ದಿನ ಸದ್ದು ಬಂತು, ಗೋಡೆಯ ಮಣ್ಣು ಉದುರಿತು. ನಾನು ಮಸಿಯ ಡಬ್ಬಿಯ ಮುಚ್ಚಳ ತೆಗೆದೆ.

"ನನಗೇನು ಗೊತ್ತು ಪಾಟೀಲರೇ," ಎಂದೆ. "ದೂರು ಬಂದಿತ್ತು, ನಾವು ಬಂದೆವು."

ಆಜಿ ಕೈ ಮುಂದೆ ಚಾಚಿದಳು. ಅವಳ ಹೆಬ್ಬೆರಳಿಗೆ ಮಸಿ ಹಚ್ಚಿ ಕಾಗದದ ಮೇಲೆ ಒತ್ತಿಸಿಕೊಂಡೆ.